ಮಿಡಿ ಹೇಳಿರೆ ಎಲ್ಲಾ ಒಂದೇ ಅಲ್ಲ

ನಮ್ಮನೆ ಮಕ್ಕಳಿಗೆ ಸೇಬಿನ ಹೆಸರು ಎಷ್ಟು ಗೊತ್ತಿದ್ದು ನೋಡಿ. ಸಿಮ್ಲಾ, ಕಾಶ್ಮೀರ, ವಾಷಿಂಗ್ಟನ್, ಫ್ಯೂಜಿ, ಗಾಲಾ, ಮತ್ತೊಂದು ಹಸಿರಿಂದು. ಯಾವುದು ಸಿಹಿ, ಯಾವುದು ಹಿಟ್ಟು ಹಿಟ್ಟು, ಯಾವುದಕ್ಕೆ ಮೇಣ ಬಳಿದಿರ್ತ ಹೇಳದೂ ಗೊತ್ತಿದ್ದು. ಅದೇ ಮಕ್ಕಳ ಮುಂದೆ ಒಂದು ಬುಟ್ಟಿ ಮಾವಿನ ಮಿಡಿ ಸುರುಗಿ "ಇದ್ರಲ್ಲಿ ಎಷ್ಟು ಮರದ ಮಿಡಿ ಇದ್ದು?" ಹೇಳಿ ಕೇಳಿ. "ಮಿಡಿ ಅಲ್ದಾ ಅದು?" ಹೇಳ್ತ. ಮಕ್ಕಳದ್ದು ಬಿಡಿ, ಈಗ ನಮ್ಮ ಓರಗೆಯವ್ವೂ ಹಾಂಗೇ ಹೇಳಲೆ ಶುರು ಮಾಡಿದ್ದ. ಕಳೆದ ವಾರ ಯನ್ನ ಅತ್ತಿಗೆ ಫೋನ್ ಮಾಡಿ "ಮಿಡಿ ಹೇಳಿರೆ ಮಿಡಿ, ಮಸಾಲೆ ಸರಿ ಇದ್ರೆ ಎಲ್ಲಾ ಒಂದೇ ರುಚಿ" ಹೇಳಿತ್ತು. ಫೋನಲ್ಲಿ ಜಗಳ ಬ್ಯಾಡ ಹೇಳಿ ಸುಮ್ಮನಾದಿ. ಇಲ್ಲಿ ಬರೀತಿ. ಅತ್ತಿಗೆ, ಓದಿ ಬೇಜಾರು ಮಾಡ್ಕಳಡ.

ಸೇಬಿನ ಮೇಲೆ ಯಂಗೆ ಸಿಟ್ಟಿಲ್ಲೆ. ಆನು ಸಣ್ಣಕಿದ್ದಾಗ ಸೇಬು ಹೇಳಿರೆ ಆಸ್ಪತ್ರೆ ಹಣ್ಣು. ಯಾರಿಗಾದ್ರೂ ಆಪರೇಶನ್ ಆದ್ರೆ ಮಾತ್ರ ಮನೆಗೆ ಬರ್ತಿತ್ತು, ಅದೂ ನಾಕು ಹೋಳು ಮಾಡಿ ಹಂಚಿ ತಿಂಬದು. ಈಗ ಶಿಕಾರಿಪುರದ ಪೇಟೆಲಿ ವರ್ಷ ಪೂರ್ತಿ ಗಾಡಿ ತುಂಬ ಇರ್ತು. ಆದ್ರೆ ಒಂದು ಮಾತು ಹೇಳ್ತಿ. ಸಿಮ್ಲಾ ಹೇಳದು ಊರಿನ ಹೆಸರು, ವಾಷಿಂಗ್ಟನ್ ಹೇಳದು ಅಮೆರಿಕದ ಒಂದು ರಾಜ್ಯದ ಹೆಸರು. ಎರಡೂ ಜಾತಿ ಹೆಸರಲ್ಲ. ಗಾಡಿಯವ ಎರಡು ರೇಟು ಹೇಳಿ ಮಾರುವ ಆ ಎರಡು ರಾಶಿ ಸುಮಾರು ಸಲ ಒಂದೇ ಜಾತಿ ಆಗಿರ್ತು, ರೆಡ್ ಡಿಲಿಷಸ್ ಹೇಳಿ. ಸತ್ಯಾನಂದ ಸ್ಟೋಕ್ಸ್ ಹೇಳುವ ಅಮೆರಿಕದವ ಒಬ್ಬ ಹಿಮಾಚಲದ ಕೋಟಗಡಕ್ಕೆ ಬಂದು ನೆಲೆನಿಂತು, ನೂರು ವರ್ಷದ ಹಿಂದೆ ಈ ಜಾತಿ ತರಿಸಿ ನೆಟ್ಟ. ಸಿಮ್ಲಾ ಸೇಬಿನ ವ್ಯಾಪಾರ ಬೆಳೆದಿದ್ದು ಅಲ್ಲಿಂದ. ಅದು ಹಸೀ ತಿಂಬಲೆ ಅಡ್ಡಿಲ್ಲೆ, ಒಲೆ ಮೇಲೆ ಇಟ್ರೆ ಸಪ್ಪೆ ಮುದ್ದೆ. ಕೇಸರಿಬಾತಿಗೆ ಹಾಕುವವ್ವು ಕಡಿಗೆ, ಇಳಿಸುವ ಹೊತ್ತಿಗೆ ತುರಿದು ಹಾಕವು. ಹಸಿರು ಸೇಬು ಹಾಂಗಲ್ಲ, ಗಟ್ಟಿ ಇರ್ತು, ಹುಳಿ ಇರ್ತು, ಗೊಜ್ಜಿಗೆ, ದಿಢೀರ್ ಉಪ್ಪಿನಕಾಯಿಗೆ ಬತ್ತು. ಬೇರೆ ಹಣ್ಣಿನ ಜಾಮ್ ಮಾಡುವಾಗ ಒಂದು ಹುಳಿ ಸೇಬು ಸಿಪ್ಪೆ ಸಮೇತ ಹಾಕಿ ಬೇಯಿಸಿರೆ ಜಾಮ್ ಚೊಲೋ ಗಟ್ಟಿ ಆಗ್ತು, ಅದ್ರಲ್ಲಿ ಪೆಕ್ಟಿನ್ ಇದ್ದು. ಇಷ್ಟು ಸೇಬಿನ ಸಂಗತಿ. ದುಡ್ಡು ಕೊಟ್ಟು ತಪ್ಪ ಹಣ್ಣಿನ ಗುಣ ನಂಗ ಇಷ್ಟು ತಿಳ್ಕಂಡಿದ್ಯ. ಹಿತ್ತಲಲ್ಲಿ ಇಪ್ಪದ್ರದ್ದು ಮರೆತಾ ಇದ್ಯ.

ಜರ್ಮನಿಲಿ ಇಪ್ಪ ಯನ್ನ ಅಕ್ಕನ ಮಗಳು ಈ ಹಸಿರು ಸೇಬಲ್ಲಿ ಅಪ್ಪೆಹುಳಿ ಮಾಡ್ತಡ. ಅಲ್ಲಿ ಹುಳಿ ಮಾವಿನಕಾಯಿ ಸಿಕ್ಕದು ಅಪರೂಪ. ಗ್ರ್ಯಾನಿ ಸ್ಮಿತ್ ಹೇಳುವ ಸೇಬು ಎರಡು ಬೇಯಿಸಿ, ಕಿವುಚಿ, ಸೋಸಿ, ಬೇಕಾದಷ್ಟು ನೀರು ಹಾಕಿ, ಉಪ್ಪು, ಹಸಿಮೆಣಸು, ಮೇಲಿಂದ ಕೊಬ್ಬರಿ ಎಣ್ಣೆಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಹುಳಿ ಸಾಲದಿದ್ರೆ ಹನಿ ಲಿಂಬೆ ಹಿಂಡ್ತಡ. "ಹ್ಯಾಂಗಿರ್ತೇ ಕೂಸೆ ಅದು?" ಹೇಳಿ ಕೇಳ್ದಿ. "ಚಿಕ್ಕಿ, ಹುಳಿ ಅಪ್ಪೆಹುಳಿದೇ. ವಾಸನೆ ಮಾತ್ರ ಬತ್ತಿಲ್ಲೆ" ಹೇಳಿತ್ತು. ದೇಶ ಬಿಟ್ಟು ಹೋದ ಕೂಸಿಗೆ ಗೊತ್ತಾದ್ದು ಊರಲ್ಲಿ ಇಪ್ಪ ಅತ್ತಿಗೆಗೆ ಗೊತ್ತಾಗ್ತಿಲ್ಲೆ ನೋಡಿ!

ವಾಸನೆ ಎಲ್ಲಿಂದ ಬತ್ತು? ಸೊನೆಯಿಂದ. ಮಿಡಿ ತೊಟ್ಟು ಮುರಿದ ಕೂಡ್ಲೆ ಚಿಮ್ಮುವ ಆ ನೀರಲ್ಲಿ ಎಲ್ಲಾ ಇದ್ದು. ಅದಕ್ಕೇ ಮಿಡಿ ಕೊಯ್ಯುವಾಗ ಒಂದಿಂಚು ತೊಟ್ಟು ಬಿಟ್ಟು ಕೊಯ್ಯವು ಹೇಳದು, ಸೊನೆ ಒಳಗೇ ಉಳಿಯಲಿ ಹೇಳಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಗೆ ಹಾಕಲಾಗ. ಒಂದು ಮೆತ್ತಗಾದ್ರೆ ಸಾಕು, ಮಳೆಗಾಲಕ್ಕೆ ಸುತ್ತಲಿನ ಹತ್ತನ್ನ ಮೆತ್ತಗೆ ಮಾಡ್ತು.

ಸೊನೆ ಒಂದೊಂದು ಮರದ್ದು ಒಂದೊಂದು ನಮೂನೆ. ಯನ್ನ ತವರು ಮನೆ ಸೊರಬ ತಾಲೂಕು. ಅಲ್ಲಿ ನಮಗೆ ಲೆಕ್ಕಕ್ಕೆ ಸಿಕ್ಕುವ ಮರ ನಾಕು ಇದ್ದಿತ್ತು. ಹಳ್ಳದ ಬದಿ ಒಂದು ಅಪ್ಪೆ, ಉದ್ದ ಮಿಡಿ, ದಪ್ಪ ಸಿಪ್ಪೆ. ಕೊಟ್ಟಿಗೆ ಹಿಂದೆ ಒಂದು ಜೀರಿಗೆ, ಅದ್ರ ಸೊನೆ ಕೈಗೆ ತಾಗಿರೆ ಜೀರಿಗೆ ತಿಕ್ಕಿದ ಹಾಂಗೆ ವಾಸನೆ. ಗದ್ದೆ ಅಂಚಿಗೆ ಒಂದು, ಅದಕ್ಕೆ ಗಡಿಮರ ಹೇಳ್ತಿದ್ಯ, ಮೂಗಿಗೆ ಎಂತೂ ಇಲ್ಲೆ, ಆದ್ರೆ ಹುಳಿ ಹೇಳಿರೆ ಹುಳಿ, ಹಲ್ಲು ಚಳಿತು. ಬೆಟ್ಟದ ಮೇಲೆ ಒಂದು, ಮಿಡಿಗೆ ಪ್ರಯೋಜನ ಇಲ್ಲೆ, ಹಣ್ಣಾದ್ರೆ ಮಾತ್ರ ಜೇನು.

ಅಮ್ಮಮ್ಮ ಈ ನಾಕನ್ನ ಒಂದು ದಿನವೂ ಬೆರೆಸಿದ್ದು ಯಂಗೆ ನೆನಪಿಲ್ಲೆ. ವರ್ಷಗಟ್ಲೆ ಇಡುವ ಉಪ್ಪಿನಕಾಯಿ ಹಳ್ಳದ ಅಪ್ಪೆದು. ಜೀರಿಗೆ ಮಿಡಿ ಪ್ರತಿ ಭರಣಿಗೂ ಹತ್ತೋ ಹದಿನೈದೋ ಅಷ್ಟೇಯ, ಅಲ್ಲಲ್ಲಿ ಹುದುಗಿಸಿ ಇಡದು, ವಾಸನೆ ಹಬ್ಬಲಿ ಹೇಳಿ. ಉಳಿದ ಜೀರಿಗೆ ಮಿಡಿ ತಂಬುಳಿಗೆ. ಒಂದು ಮಿಡಿ ಜಜ್ಜಿ ಮಜ್ಜಿಗೆಗೆ ಹಾಕಿರೆ ಮನೆ ಬಾಗಿಲ ತನಕ ಪರಿಮಳ ಬತ್ತಿತ್ತು. ಗಡಿಮರದ್ದು ಪೂರ್ತಿ ಉಪ್ಪುನೀರಿಗೆ. ಆಷಾಢದಲ್ಲಿ ಹೊರಗೆ ಕಾಲಿಡಲೆ ಆಗದ ಮಳೆ, ತರಕಾರಿ ಇಲ್ಲೆ, ಆಗ ಆ ಉಪ್ಪುಮಿಡಿ ನಾಕು ತೆಗೆದು ಕಿವುಚಿ ಅಪ್ಪೆಹುಳಿ, ಇಲ್ಲದಿದ್ರೆ ಗೊಜ್ಜು. ಊಟ ಆದ ಮೇಲೆ ಒಂದು ಲೋಟ ಅಪ್ಪೆಹುಳಿ ಕುಡಿದು ಅಪ್ಪಯ್ಯ ಕಂಬಳಿ ಹೊದ್ದು ಮಲಗಿದ್ರೆ ನಾಕು ಗಂಟೆ ತನಕ ಏಳ್ತಿರ್ಲೆ. ಬೆಟ್ಟದ ಮರದ ಹಣ್ಣು ಸಾಸ್ವೆಗೆ, ರಸ ತೆಗೆದು ಚಾಪೆ ಮೇಲೆ ಹೊಯ್ದು ಒಣಗಿಸಲೆ.

ಇದು ಬರೇ ನಾಲಿಗೆ ಚಪಲ ಹೇಳಿ ತಿಳ್ಕಳಡಿ. ಬೆರೆಸದೆ ಇಪ್ಪದಕ್ಕೆ ಲೆಕ್ಕ ಇದ್ದು. ಕಲ್ಲುಪ್ಪಲ್ಲಿ ಮಿಡಿ ಹಾಕಿದ ಮೇಲೆ ಅದು ಚಿರುಟುವ ತನಕ ದಿನಾ ತಿರುವವು ಅಲ್ದಾ. ತೆಳು ಸಿಪ್ಪೆದು ಬೇಗ ಚಿರುಟ್ತು, ದಪ್ಪ ಸಿಪ್ಪೆದು ನಿಧಾನ. ಎರಡನ್ನೂ ಒಟ್ಟಿಗೆ ಹಾಕಿರೆ ಒಂದಕ್ಕೆ ಉಪ್ಪು ಹಿಡಿಯದ್ರೊಳಗೆ ಇನ್ನೊಂದು ಲಡ್ಡಾಗ್ತು. ಪೇಟೆಲಿ ನೂರಕ್ಕೆ ಇಷ್ಟು ಹೇಳಿ ಸಿಕ್ಕುವ ಮಿಡಿಲಿ ಆರು ಮರದ್ದು ಸೇರಿರ್ತು. ಅದನ್ನ ತಂದು, ಬ್ಯಾಡಗಿ ಮೆಣಸು, ಸಾಸಿವೆ, ಇಂಗು ಎಲ್ಲಾ ಅಳತೆ ಪ್ರಕಾರ ಹಾಕಿ, ದೀಪಾವಳಿಗೆ ಭರಣಿ ತೆಗೆದು "ಈ ಸಲ ಎಂತಕ್ಕೋ ಹಾಳಾತು" ಹೇಳ್ತ. ಎಂತಕ್ಕೆ ಹೇಳಿ ಮಿಡಿ ನೋಡಿರೆ ಗೊತ್ತಾಗ್ತು. ಅತ್ತಿಗೆ, ನಿನ್ನ ಹೋದ ವರ್ಷದ ಭರಣಿ ಹೆಸರು ಎತ್ತಿದ್ದಿಲ್ಲೆ ನೋಡು.

ಶಿಕಾರಿಪುರಕ್ಕೆ ಮದುವೆ ಆಗಿ ಬಂದಾಗ ಮಿಡಿ ಒಂದೇ ಲೋಕ ಅಲ್ಲ ಹೇಳದೂ ಗೊತ್ತಾತು. ಪಕ್ಕದ ಮನೆಯವರು ಒಂದಿನ ಯನ್ನ ಮಿಡಿ ರುಚಿ ನೋಡಿ "ಅಕ್ಕಾರ, ಮೊಸರನ್ನಕ್ಕ ಇದು ಚಲೋ ಐತಿ, ರೊಟ್ಟಿಗೆ ಮಾತ್ರ ನಮಗ ಹೋಳೇ ಬೇಕ್ರೀ" ಅಂದ್ರು. ಖರೆ ಮಾತು. ಜೋಳದ ರೊಟ್ಟಿ ಮುರಿದು ತಿಂಬಲೆ ಮಸಾಲೆ ಮೆತ್ತಿದ ಹೋಳೇ ಸರಿ. ಅದಕ್ಕೆ ಓಟೆ ಕಟ್ಟಿದ, ನಾರು ಕಡಿಮೆ ಇಪ್ಪ ಗಟ್ಟಿ ಕಾಯಿ ಬೇಕು. ಅವರೂ ಕಾಯಿ ಆರಿಸುವಾಗ ಮೂಸಿ, ಅಮುಕಿ, ಒಂದು ಕೊಯ್ದು ನೋಡಿಯೇ ತಪ್ಪದು. ಚಿತ್ರಾನ್ನಕ್ಕೆ ಗಿಣಿಮೂತಿ, ಹಣ್ಣಿಗೆ ಹಾನಗಲ್ ಕಡೆಯ ಆಪೂಸು, ಹೋಳಿಗೆ ತಮ್ಮ ತೋಟದ ಹುಳಿಕಾಯಿ. ಅವರಿಗೆ ಯಾರೂ "ಕಾಯಿ ಹೇಳಿರೆ ಕಾಯಿ" ಹೇಳಲೆ ಹೋಗ್ತಿಲ್ಲೆ.

ಈಗ ನಾನು ಹೇಳಲೆ ಹೊರಟ ಸಂಗತಿಗೆ ಬತ್ತಿ. ಯಾವ ಮರ ಎಂತಕ್ಕೆ ಹೇಳಿ ಗೊತ್ತಿಪ್ಪವ್ವು ಇಲ್ಲದಿದ್ರೆ ಆ ಮರ ಉಳೀತಿಲ್ಲೆ.

ನಮ್ಮ ತವರಿನ ಗಡಿಮರ ಹೋದ್ದು ಹೀಂಗೇ. ಹಿಸೆ ಆಗುವಾಗ ಮರ ಎರಡು ಪಾಲಿನ ನಡುವೆ ಬಂತು. ನಿಂದಲ್ಲ, ನಂದಲ್ಲ. "ಎಷ್ಟು ವರ್ಷಕ್ಕೊಂದ್ಸಲ ಕಾಯಿ ಬಿಡ್ತು? ಮಾರಿರೆ ಎಷ್ಟು ಬತ್ತು?" ಹೇಳಿ ಜಗಲಿ ಮೇಲೆ ಕೂತವ್ವು ಲೆಕ್ಕ ಹಾಕಿದ. ಕಾಡುಮಾವು ವರ್ಷ ಬಿಟ್ಟು ವರ್ಷ ಬಿಡ್ತು, ಕೆಲವು ಸಲ ಎರಡು ವರ್ಷ ಸುಮ್ಮನಿರ್ತು. ಆ ಮಿಡಿಗೆ ವಾಸನೆ ಇಲ್ಲೆ, ಪೇಟೆಲಿ ರೇಟಿಲ್ಲೆ. ಲೆಕ್ಕ ಸೊನ್ನೆ ಆತು. ಹಲಗೆ ವ್ಯಾಪಾರದವಂಗೆ ಕೊಟ್ಟ, ಬಂದ ದುಡ್ಡು ಎರಡು ಪಾಲು ಮಾಡ್ಕಂಡ. ಅದು ಇಡೀ ಮನೆಯ ಆಷಾಢದ ಮರ ಹೇಳಿ ಗೊತ್ತಿದ್ದದ್ದು ಅಮ್ಮಂಗೆ ಮತ್ತೆ ಯಂಗೆ. ಅಡುಗೆ ಮನೆ ಬಾಗಿಲ ತನಕ ಯಾರೂ ಕೇಳಲೆ ಬರ್ಲೆ. ಯಂಗೆ ಫೋನಲ್ಲಿ ಹೇಳುವಾಗ ಮರ ಲಾರಿ ಹತ್ತಿ ಆಗಿತ್ತು. ಅಮ್ಮನ ಹತ್ರ ಆ ವರ್ಷದ ಉಪ್ಪುನೀರು ಭರಣಿ ಒಂದು ಉಳಿದಿತ್ತು. ಮರ ಹೋಗಿ ಎರಡನೇ ಮಳೆಗಾಲದಲ್ಲಿ ಅದ್ರ ಕಡೆ ಮಿಡಿ ಅಪ್ಪೆಹುಳಿ ಆತು. ಅಮ್ಮ ಎಂತೂ ಹೇಳ್ಲೆ. ಎಲ್ಲರಿಗೂ ಒಂದೊಂದು ಲೋಟ ಕೊಟ್ಟು, ಭರಣಿ ತೊಳೆದು ಬೋರಲು ಹಾಕಿತ್ತು.

ನಮ್ಮ ಮನೆ ಒಂದೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದಾಗ ಸಾಗರ, ಹೊಸನಗರ ಕಡೆಯ ಊರುಗಳ ಜೊತೆಗೆ ಹೊಳೆಸಾಲಿನ ಮಾವಿನ ಮರಗಳೂ ನೀರೊಳಗೆ ಹೋದ. ಅಪ್ಪೆ ಹುಟ್ಟದೇ ಹೊಳೆ, ಹಳ್ಳದ ದಡದಲ್ಲಿ. ಉಳಿದದ್ದು ಈಗ ಕೊಯ್ಯುವ ರೀತಿಗೆ ಹೋಗ್ತಾ ಇದ್ದು. ಎಂಟಾಳು ಎತ್ತರದ ಮರ ಹತ್ತಿ, ಹಗ್ಗ ಕಟ್ಟಿ, ಬುಟ್ಟಿ ಇಳಿಸಿ ಮಿಡಿ ಕೊಯ್ಯುವವ್ವು ಸಿಕ್ತ್ವಿಲ್ಲೆ, ಸಿಕ್ಕಿದ್ರೆ ಸಂಬಳ ಕೊಟ್ಟು ಪೂರೈಸ್ತಿಲ್ಲೆ. ಅದಕ್ಕೆ ಗುತ್ತಿಗೆ ಹಿಡಿದ ಕೆಲವ್ವು ಟೊಂಗೆಯನ್ನೇ ಕಡಿದು ಕೆಳಗೆ ಹಾಕಿ ಮಿಡಿ ಬಿಡಿಸ್ತ. ಆ ಟೊಂಗೆ ಮತ್ತೆ ಬಂದು ಹೂವು ಬಿಡಲೆ ಎಷ್ಟು ವರ್ಷ ಬೇಕು? ಅಂಥವ್ವಕ್ಕೆ ಮರ ಕೊಡುವ ಮೊದಲು ಮನೆ ಹೆಂಗಸರು ಅಡ್ಡ ಬಂದು "ಟೊಂಗೆ ಕಡಿಯದಾದ್ರೆ ಮಿಡಿ ಮರದಲ್ಲೇ ಇರಲಿ" ಹೇಳವು. ಹೇಳಿರೆ ಕೇಳ್ತ. ಪಕ್ಕದೂರಲ್ಲಿ ಒಂದು ದೊಡ್ಡಮ್ಮ ಹಾಂಗೇ ಹೇಳಿ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತಿತ್ತು, ಕತ್ತಿ ತಂದವ ಹಗ್ಗ ತಂದ!

"ಕಸಿ ಗಿಡ ಸಿಗ್ತಲೇ, ಎಂತಕ್ಕೆ ಇಷ್ಟು ಚಿಂತೆ?" ಹೇಳಿ ಕೇಳುವವ್ವು ಇದ್ದ. ಸಿಗ್ತು, ಸಿಕ್ಕಿದ್ದು ಒಳ್ಳೇದೇ. ಅನಂತಭಟ್ಟನ ಅಪ್ಪೆ, ಜೀರಿಗೆ, ಕಂಚಪ್ಪೆ ಹೇಳಿ ಹೆಸರು ಮಾಡಿದ್ದಕ್ಕೆಲ್ಲ ಕಸಿ ಆಯ್ದು. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಹೇಳುವ ಸರ್ಕಾರದ ಮುದ್ರೆಯೂ ಸಿಕ್ಕಿದ್ದು. ಬೆಂಗಳೂರು ಹತ್ರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ವು ಮಲೆನಾಡು ತಿರುಗಿ ಮಿಡಿ ಮರಗಳ ಕಡ್ಡಿ ಒಯ್ದು ಬೆಳೆಸಿಟ್ಟಿದ್ದ. ಆದ್ರೆ ಹೆಸರಿಲ್ಲದ ಮರದ ಕಡ್ಡಿ ಯಾರು ಕೇಳ್ತ? ಓಟೆ ಹುಗಿದು ಬೆಳೆಸ್ತಿ ಹೇಳಿರೆ ತಾಯಿ ಗುಣವೇ ಬತ್ತು ಹೇಳುವ ನಂಬಿಕೆ ಇಲ್ಲೆ, ಸೇಬಿಗೂ ಅದೇ ಕಥೆ. ಮರ ನಿಂತಿದ್ದಾಗಲೇ ಕಡ್ಡಿ ತೆಗೆದು ಕಸಿ ಕಟ್ಟವು. ಲಾರಿ ಹತ್ತಿದ ಮೇಲೆ ಮುಗೀತು.

ಹೆಸರಿನ ವಿಷಯ ಬಂದದ್ದಕ್ಕೆ ಹೇಳ್ತಿ. ಆ ಹಸಿರು ಸೇಬಿನ ಹೆಸರಿಗೆ ಅರ್ಥ ಎಂತ ಗೊತ್ತಿದ್ದಾ? ಸ್ಮಿತ್ ಅಜ್ಜಿ ಹೇಳಿ! ಆಸ್ಟ್ರೇಲಿಯಾದ ಸಿಡ್ನಿ ಹತ್ರ ಈಸ್ಟ್‌ವುಡ್ ಹೇಳುವಲ್ಲಿ ಮರಿಯಾ ಆನ್ ಸ್ಮಿತ್ ಹೇಳುವ ಅಜ್ಜಿ ಇದ್ದಿತ್ತು. ಎಸೆದ ಸೇಬಿನ ಬೀಜದಿಂದ ಹಳ್ಳದ ಬದಿಗೆ ತನ್ನಷ್ಟಕ್ಕೆ ಹುಟ್ಟಿದ ಗಿಡ ಅದು. ಇದ್ರ ಕಾಯಿ ಅಡುಗೆಗೆ ಚೊಲೋ ಇದ್ದು ಹೇಳಿ ಅಜ್ಜಿ ಅದನ್ನ ಉಳಿಸಿಕಂಡಿತ್ತು. 1868ರಲ್ಲಿ ನಾಕು ಜನಕ್ಕೆ ಗೊತ್ತಾತು, 1870ರಲ್ಲಿ ಅಜ್ಜಿ ತೀರಿಹೋತು. ಆ ಒಂದು ಗಿಡದ ಕಡ್ಡಿಯಿಂದ ಆದ ಮರಗಳು ಈಗ ಜಗತ್ತಿನ ತುಂಬ ಇದ್ದ. ಹಳ್ಳದ ಬದಿ, ತಾನಾಗಿ ಹುಟ್ಟಿದ ಗಿಡ, ಇದು ಎಂತಕ್ಕೆ ಬತ್ತು ಹೇಳಿ ನೋಡಿದ ಒಬ್ಬ ಅಜ್ಜಿ. ನಮ್ಮ ಸೀಮೆ ಕಥೆ ಹಾಂಗೇ ಇಲ್ದಾ? ವ್ಯತ್ಯಾಸ ಇಷ್ಟೇಯ, ನಮ್ಮ ಕಡೆ ಹೆಸರಾಂತ ಮಿಡಿಗೆ ಭಟ್ಟನ ಹೆಸರು ಉಳಿತು. ಅನಂತಭಟ್ಟಂಗೆ ಅನ್ಯಾಯ ಮಾಡಿ ಹೇಳ್ತಿಲ್ಲೆ, ಆ ಮಿಡಿಗೆ ಸಾಟಿ ಇಲ್ಲೆ. ಆದ್ರೆ ಉಪ್ಪಿಗೆ ಹಾಕಿ, ವರ್ಷ ಕಾದು, ರುಚಿ ನೋಡಿ "ಇದು ಭರಣಿಗೆ, ಇದು ತಂಬುಳಿಗೆ" ಹೇಳಿ ಗೊತ್ತು ಮಾಡಿದವ್ವು ಯಾರು? ಒಂದು ಅಮ್ಮಮ್ಮನ ಹೆಸರಿನ ಅಪ್ಪೆ ಇದ್ರೆ ಯಂಗೆ ತೋರಿಸಿ.

ಅದಕ್ಕೆ ಯನ್ನ ಅಭಿಪ್ರಾಯ ಕೇಳಿರೆ, ಈ ಸಲದಿಂದ ಭರಣಿ ಮೇಲೆ "ಅಪ್ಪೆಮಿಡಿ 2 ವರ್ಷದ್ದು" ಹೇಳಿ ಬರೆಯದು ಬಿಡವು. ಯಾವ ಮರ, ಎಲ್ಲಿದ್ದು, ಎಂತಕ್ಕೆ ಬತ್ತು, ಯಾರು ಹೇಳಿಕೊಟ್ಟದ್ದು, ಇಷ್ಟೂ ಬರೆಯವು. ಬಿಳೇ ಪ್ಲಾಸ್ಟರ್ ಪಟ್ಟಿ ಅಂಟಿಸಿ ಪೆನ್ಸಿಲಲ್ಲಿ ಬರೀರಿ, ಪೆನ್ನಾದ್ರೆ ಎಣ್ಣೆ ಕೈ ತಾಗಿ ಅಳಿಸಿ ಹೋಗ್ತು. ಮರಕ್ಕೆ ಹೆಸರಿಲ್ಲದಿದ್ರೆ ಇಡಿ. ನಿಂಗಳ ಅಮ್ಮಮ್ಮನ ಹೆಸರೇ ಇಡಿ, ಯಾರು ಬ್ಯಾಡ ಹೇಳ್ತ? ಆನು ತವರಿನ ಹಳ್ಳದ ಅಪ್ಪೆಗೆ ಅಮ್ಮಮ್ಮನ ಹೆಸರು ಇಟ್ಟು ಆತು. ತಮ್ಮ ಮೊದ್ಲು ನಗಾಡಿದ. ಈಗ ಮರಕ್ಕೆ ಹತ್ತುವವನ ಹತ್ರ ಅಂವನೇ ಆ ಹೆಸರು ಹೇಳ್ತ. ಹೆಸರಿಪ್ಪ ಮರ ಹಲಗೆಯವಂಗೆ ಕೊಡಲೆ ಬಾಯಿ ಬತ್ತಿಲ್ಲೆ ಕಾಣ್ತು. ಕಸಿ ಕಟ್ಟುವವನ ಹತ್ರ ಎರಡು ಗಿಡ ಮಾಡಿಸಿದ್ದಿ, ಒಂದು ಶಿಕಾರಿಪುರದ ಹಿತ್ತಲಲ್ಲಿ ಇದ್ದು. ಇಲ್ಲಿ ಮಳೆ ಕಡಿಮೆ, ಬೇಸಿಗೆಲಿ ಪಾತ್ರೆ ತೊಳೆದ ನೀರು ಹಾಕ್ತಾ ಇದ್ದಿ. ಇನ್ನೂ ಮೊಣಕಾಲೆತ್ತರ.

ಒಂದು ಬೇಡಿಕೆ. ನಮ್ಮ ಜೀರಿಗೆ ಮರ ಈ ವರ್ಷ ಬಿಡುವ ಲಕ್ಷಣ ಇಲ್ಲೆ, ಹೂವೇ ಬರ್ಲೆ. ಸೊರಬ, ಚಂದ್ರಗುತ್ತಿ ಕಡೆ ಯಾರ ಮನೆಲಾದ್ರೂ ಹೆಚ್ಚಿದ್ರೆ ಒಂದೈವತ್ತು ಮಿಡಿ ತೊಟ್ಟು ಸಮೇತ ಬಸ್ಸಿಗೆ ಹಾಕಿ ಕಳಸ್ತ್ರಾ? ಗಡಿಮರದಂಥ ಹಲ್ಲು ಚಳಿಯುವ ಹುಳಿ ಮಿಡಿ ಇದ್ರೆ ಅದೂ ಬೇಕು, ಎಷ್ಟಿದ್ರೂ ಅಡ್ಡಿಲ್ಲೆ, ಅದ್ರ ಕಡ್ಡಿಯೂ ಬೇಕು. ಬದಲಿಗೆ ಪಕ್ಕದ ಮನೆಯವರ ಹೋಳುಪ್ಪಿನಕಾಯಿ ಒಂದು ಡಬ್ಬಿ ಕಳಸ್ತಿ.